ಕೋಳಿಯ ವಿಷಯ ಹೊರಗೆ ಹೇಳಬಾರದು

ನೆರೆಮನೆಯ ರಬ್ಬರ್ ಹೊಗೆಗೂಡನ್ನು ನಾನು ಹಾರೆ ಹಿಡಿದು ಒಡೆದು ಹಾಕಿದ್ದು ಒಂದು ಭಾನುವಾರ ಬೆಳಗ್ಗೆ, ಚಾ ಕುಡಿದ ಮೇಲೆ. ಕುಡಿದದ್ದು ಚಾ ಮಾತ್ರ ಎಂದು ಮೊದಲೇ ಹೇಳಿಬಿಡುತ್ತೇನೆ. ಸಿದ್ಧಕಟ್ಟೆ ಪೇಟೆಯಲ್ಲಿ ಬೇರೆ ಥರ ಹೇಳಿಕೊಂಡು ತಿರುಗುವವರಿದ್ದಾರೆ. ಹೊಗೆಗೂಡು ಎಂದರೆ ರಬ್ಬರ್ ಶೀಟುಗಳನ್ನು ಸಾಲಾಗಿ ನೇತುಹಾಕಿ, ಕೆಳಗೆ ಸೌದೆ, ತೆಂಗಿನ ಚಿಪ್ಪು ಉರಿಸಿ ಒಣಗಿಸುವ ಸಣ್ಣ ಕೋಣೆ. ಎರಡು ಪೆಟ್ಟಿಗೆ ಬಾಗಿಲು ಹೋಯಿತು, ಹತ್ತು ಪೆಟ್ಟಿಗೆ ಕೆಂಪು ಕಲ್ಲಿನ ಒಂದು ಗೋಡೆ ಮಲಗಿತು. ನನಗಿಂತ ಹತ್ತು ವರ್ಷ ಹಿರಿಯರಾದ ನೆರೆಯವರು ಲುಂಗಿ ಎತ್ತಿ ಕಟ್ಟಿಕೊಂಡು ಓಡಿ ಬಂದರು.

"ಎಂತ ಮಾರಾಯ ಇದು, ನಿನಗೆ ತಲೆ ಸರಿ ಉಂಟಾ?" ಎಂದು ನನ್ನ ಕೈ ಹಿಡಿದರು. ನಾನು ಅವರ ಎದೆಗೆ ಕೈ ಕೊಟ್ಟು ದೂಡಿದೆ. ಅವರು ಕಲ್ಲಿನ ರಾಶಿಯ ಮೇಲೆ ಬಿದ್ದರು. ಮೊಣಕೈ ಒಡೆದು ರಕ್ತ ಸುರಿಯಿತು.

"ನನ್ನ ಮಗಳು ಉಸಿರಿಲ್ಲದೆ ಸಾಯ್ತಾ ಇದ್ದಾಳೆ, ನಿಮಗೆ ಶೀಟು ಒಣಗಬೇಕಾ?" ಎಂದು ನಾನು ಬೊಬ್ಬೆ ಹಾಕಿದೆ. ಅವರು ಕೂತಲ್ಲಿಂದಲೇ ನನ್ನನ್ನು ನೋಡಿದರು. ಆ ಗೋಡೆಯನ್ನು ಆಮೇಲೆ ನಾನೇ ಕಟ್ಟಿಕೊಟ್ಟೆ, ಕಬ್ಬಿಣದ ಬಾಗಿಲನ್ನೂ ಮಾಡಿ ಕೊಟ್ಟೆ. ಆದರೆ ಅವರ ಮೊಣಕೈಯಲ್ಲಿ ಗುರುತು ಈಗಲೂ ಉಂಟು.

ಮಗಳಿಗೆ ಆಗ ಒಂಬತ್ತು ವರ್ಷ. ಒಬ್ಬಳೇ ಮಗಳು. ಹಿಂದಿನ ಮಳೆಗಾಲದ ನಂತರ ಅವಳಿಗೆ ಉಬ್ಬಸ ಶುರುವಾಗಿತ್ತು. ಮೊದಲು ಒಣ ಕೆಮ್ಮು, ಆಮೇಲೆ ಎದೆಯೊಳಗೆ ಸಿಳ್ಳೆ. ಜೋರಾದಾಗ ಭುಜ ಎರಡೂ ಕಿವಿಯ ಹತ್ತಿರ ಹೋಗುತ್ತಿದ್ದವು, ಕತ್ತಿನ ಗುಂಡಿ ಒಳಕ್ಕೆ ಸೆಳೆದುಕೊಳ್ಳುತ್ತಿತ್ತು, ಪಕ್ಕೆಯ ಒಂದೊಂದು ಎಲುಬನ್ನೂ ಎಣಿಸಬಹುದಿತ್ತು. "ಪಪ್ಪ" ಎಂದು ಒಂದು ಉಸಿರು, "ನೀರು" ಎಂದು ಇನ್ನೊಂದು ಉಸಿರು. ನೋಡುವುದಕ್ಕೆ ಆಗುತ್ತಿರಲಿಲ್ಲ ನನಗೆ. ಹೆದರಿಕೆಯಾದರೆ ಕೆಲವರು ಅಳುತ್ತಾರೆ, ಕೆಲವರು ದೇವರಿಗೆ ಹರಕೆ ಹೇಳುತ್ತಾರೆ. ನನಗೆ ಸಿಟ್ಟು ಬರುತ್ತದೆ, ಹುಟ್ಟಿದಂದಿನಿಂದ ಹಾಗೆಯೇ. ಯಾರಿಗಾದರೂ ಎರಡು ಬಿಗಿಯದೆ ಅದು ಇಳಿಯುವುದಿಲ್ಲ.

ಹಾಗಾಗಿ ವೈರಿಯನ್ನು ಹುಡುಕಿಕೊಂಡು ಹೊರಟೆ. ಮೊದಲು ಅತ್ತೆ ಕೊಟ್ಟ ಹತ್ತಿ ಹಾಸಿಗೆಯನ್ನು ಅಂಗಳಕ್ಕೆ ಎಳೆದು ಬೆಂಕಿ ಕೊಟ್ಟೆ. ಸಾಂಬ್ರಾಣಿಯ ಧೂಪದ ಪಾತ್ರೆಯನ್ನು ಬಾವಿಯ ಆಚೆಗೆ ಎಸೆದೆ. ಅಕೇಶಿಯಾ ಹೂವಿನ ಹುಡಿಯಿಂದ ದಮ್ಮು ಬರುತ್ತದೆ ಎಂದು ಯಾರೋ ಹೇಳಿದರು ಎಂದು ನನ್ನ ವೆಲ್ಡಿಂಗ್ ಅಂಗಡಿಯ ಹಿಂದಿನ ಮೂರು ಅಕೇಶಿಯಾ ಮರಗಳನ್ನು ಒಂದೇ ದಿನ ಉರುಳಿಸಿದೆ. ಶಾಲೆಗೆ ಹೋಗಿ ಚಾಕ್‌ಪೀಸಿನ ಹುಡಿಯ ವಿಷಯದಲ್ಲಿ ಟೀಚರಿಗೆ ಬೈದೆ. ಕೊನೆಗೆ ನಾಯಿ. ಅದರ ರೋಮವೇ ಇರಬೇಕು ಎಂದು ಪಿಕಪ್ಪಿನಲ್ಲಿ ಹಾಕಿಕೊಂಡು ವೇಣೂರು ದಾಟಿಸಿ ಬಿಟ್ಟು ಬಂದೆ. ಅದು ಗಾಡಿಯ ಹಿಂದೆ ಓಡಿ ಬಂದಾಗ ಇಳಿದು ಕಲ್ಲು ಹೊಡೆದೆ. ಮಗಳು ಎರಡು ದಿನ ಅತ್ತಳು, ಅತ್ತದ್ದಕ್ಕೇ ಉಬ್ಬಸ ಏರಿತು. ಅದಾದ ಮೇಲೆ ಉಳಿದದ್ದು ನೆರೆಯವರ ಹೊಗೆ.

ಅವರು ಸ್ಟೇಷನ್ನಿಗೆ ಹೋಗಲಿಲ್ಲ. ಹೊಗೆಗೂಡು ಬಿದ್ದು ಮೂರು ವಾರವಾದರೂ, ಒಂದು ಎಳೆ ಹೊಗೆ ನಮ್ಮ ಕಡೆ ಬಾರದಿದ್ದರೂ, ಮಗಳ ಎದೆಯ ಸಿಳ್ಳೆ ನಿಲ್ಲಲಿಲ್ಲ. ಒಂದು ಸಂಜೆ ಅವರು ಕೈಗೆ ಬ್ಯಾಂಡೇಜು ಸುತ್ತಿಕೊಂಡೇ ಬೇಲಿಯ ಹತ್ತಿರ ಬಂದು ನನ್ನ ಹೆಂಡತಿಗೆ ಹೇಳಿದರು: "ಅವನಿಗೆ ಹೇಳಿ ಪ್ರಯೋಜನ ಇಲ್ಲ. ನೀನು ಮಗುವನ್ನು ಮೂಡುಬಿದಿರೆಗೆ ಕರ್ಕೊಂಡು ಹೋಗು ತಂಗಿ. ಅಲ್ಲಿ ಶ್ವಾಸದ ಡಾಕ್ಟ್ರು ಒಬ್ಬರು ಇದ್ದಾರೆ."

ಇಲ್ಲಿಯವರೆಗೆ ನಾನು ಒಂದು ವಿಷಯ ಹೇಳಿಲ್ಲ. ಆಗ ನಮ್ಮ ಮನೆಯಲ್ಲಿ ಹನ್ನೊಂದು ಹುಂಜಗಳಿದ್ದವು. ಅಂಕದ, ಎಂದರೆ ಕೋಳಿ ಕಾಳಗದ ಹುಂಜಗಳು. ಕಾಳಗದ ದಿನ ಹುಂಜದ ಕಾಲಿಗೆ ಕಟ್ಟುವ ಬೆರಳುದ್ದದ ಕತ್ತಿಗೆ ನಮ್ಮಲ್ಲಿ ಬಾಳು ಎನ್ನುತ್ತಾರೆ. ಹಳೆಯ ಗರಗಸದ ಉಕ್ಕಿನಿಂದ ಅದನ್ನು ಮಾಡುವುದರಲ್ಲಿ, ನೂಲು ಸುತ್ತಿ ಕಾಲಿಗೆ ಬಿಗಿಯುವುದರಲ್ಲಿ ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ನನ್ನ ಕೈಗೆ ಹೆಸರಿತ್ತು. ನನ್ನ ಕೆಂಪು ಹುಂಜ ಬೆಳ್ತಂಗಡಿ ಕಡೆಯ ಒಂದು ಅಂಕದಲ್ಲಿ ಎದುರಿನ ಬಿಳಿ ಹುಂಜದ ಹೊಟ್ಟೆಯನ್ನು ಎರಡೇ ಹಾರಾಟಕ್ಕೆ ಸೀಳಿದ್ದನ್ನು ಈಗಲೂ ಜನ ಹೇಳುತ್ತಾರೆ. ಕರುಳು ಮಣ್ಣಿನಲ್ಲಿ ಎಳೆದುಕೊಂಡೇ ಆ ಬಿಳಿಯದು ಇನ್ನೊಂದು ಸಲ ಹಾರಿತ್ತು. ನನ್ನದರ ಗಂಟಲಿಗೂ ರಕ್ತ ಕಟ್ಟಿತ್ತು. ಕೊಕ್ಕನ್ನು ನನ್ನ ಬಾಯೊಳಗೆ ಹಿಡಿದು ರಕ್ತ ಎಳೆದು ಉಗುಳಿ ಅದಕ್ಕೆ ಉಸಿರು ಬಿಡಿಸಿದೆ. ಆಮೇಲೆ ಹೆಗಲ ಬೈರಾಸಿನಲ್ಲಿ ಅದರ ಮೈ ಒರೆಸಿದೆ. ಬೈರಾಸು ಎಂದರೆ ನಮ್ಮ ಗಂಡಸರ ಹೆಗಲ ಮೇಲೆ ಯಾವಾಗಲೂ ಇರುವ ತೆಳು ಟವೆಲು. ಹುಂಜಗಳ ಮೈ ದಿನಾ ಒರೆಸಿ ತಿಕ್ಕುವುದು ಅದರಲ್ಲೇ, ಮಗಳಿಗೆ ಉಬ್ಬಸ ಬಂದು ಮುಖ ಬೆವರಿದಾಗ ಒರೆಸುವುದೂ ಅದರಲ್ಲೇ.

ಹಿಂದಿನ ವರ್ಷ ಗೂಡಿನಿಂದ ಒಂದು ಹುಂಜ ಕಳವಾದ ಮೇಲೆ ಕೆಂಪು ಹುಂಜವನ್ನು ನಾನು ಒಳಗೆ ತಂದಿದ್ದೆ. ಮಗಳ ಕೋಣೆಯ ಮೂಲೆಯಲ್ಲಿ, ಅವಳ ಮಂಚದಿಂದ ಎರಡು ಮಾರು ದೂರದಲ್ಲಿ, ಬಿದಿರ ಬುಟ್ಟಿಯ ಅಡಿಯಲ್ಲಿ. ಆ ಮೂಲೆಗೆ ಕಿಟಕಿ ಇರಲಿಲ್ಲ, ಕಳ್ಳರ ಕೈ ಎಟಕುತ್ತಿರಲಿಲ್ಲ.

ಕೋಳಿ ಅಂಕ ಕಾನೂನಿಗೆ ವಿರುದ್ಧ, ಪೊಲೀಸರ ಭಯ ಇತ್ತು. ಹಾಗಾಗಿ ಮನೆಯಲ್ಲಿ ನಾನು ಮಾಡಿದ ಕಾನೂನು ಒಂದೇ: ಹೊರಗಿನವರು ಯಾರು ಕೇಳಿದರೂ ಕೋಳಿಯ ವಿಷಯ ಬಾಯಿ ಬಿಡಬಾರದು. ಮೂರನೇ ಕ್ಲಾಸಿನಲ್ಲಿದ್ದಾಗ ಮಗಳು ಒಮ್ಮೆ ಗೆಳತಿಯ ಹತ್ತಿರ "ನಮ್ಮ ಕೆಂಪು ಹುಂಜ ಗೆದ್ದಿತು" ಎಂದಿದ್ದಳು. ಆ ಗೆಳತಿಯ ಮಾವ ಪೊಲೀಸು. ಮರುದಿನ ಬೈಕಿನಲ್ಲಿ ಒಬ್ಬರು ಬಂದು ಅಂಗಡಿಯ ಎದುರು ನಿಂತು ಎಚ್ಚರಿಕೆ ಹೇಳಿ ಹೋದರು. ಆ ಸಂಜೆ ನಾನು ಮಗಳ ಕಾಲಿಗೆ ಹಿಡಿಸೂಡಿಯ, ಎಂದರೆ ತೆಂಗಿನ ಕಡ್ಡಿ ಪೊರಕೆಯ, ತುದಿಯಲ್ಲಿ ಹೊಡೆದೆ. ಎಷ್ಟು ಹೊಡೆದೆ ಎಂದು ಬರೆಯಲು ನನಗೆ ಕೈ ಬರುವುದಿಲ್ಲ. "ಇನ್ನು ಹೇಳ್ತೀಯಾ? ಹೇಳ್ತೀಯಾ ಇನ್ನು?" ಎಂದು ಕೇಳುತ್ತಾ ಹೊಡೆದೆ. "ಇಲ್ಲ ಪಪ್ಪ, ಯಾರತ್ರವೂ ಹೇಳುವುದಿಲ್ಲ" ಎಂದಳು. ಹೇಳಿದ ಮಾತಿಗೆ ತಪ್ಪುವ ಹುಡುಗಿಯಲ್ಲ ಅವಳು.

ಮೂಡುಬಿದಿರೆಯ ಡಾಕ್ಟರು ನನ್ನ ಅಕ್ಕನ ಪ್ರಾಯದ ಹೆಂಗಸು, ಮಾತು ಮೆಲ್ಲ. ಮಗಳ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. "ಮನೆಯಲ್ಲಿ ಸಾಕುಪ್ರಾಣಿ ಉಂಟಾ?" ಎಂದರು.

"ನಾಯಿ ಇತ್ತು ಡಾಕ್ಟ್ರೇ, ಬಿಟ್ಟು ಬಂದೆ. ಈಗ ಎಂತದ್ದೂ ಇಲ್ಲ," ಎಂದೆ.

ದೇವರಾಣೆ, ಆವತ್ತು ನಾನು ಸುಳ್ಳು ಹೇಳಿದ್ದಲ್ಲ. ಸಾಕುಪ್ರಾಣಿ ಎಂದರೆ ನಮ್ಮಲ್ಲಿ ನಾಯಿ, ಬೆಕ್ಕು, ಹೆಚ್ಚೆಂದರೆ ದನ. ಅಂಕದ ಹುಂಜವನ್ನು ಆ ಲೆಕ್ಕಕ್ಕೆ ಯಾರಾದರೂ ಸೇರಿಸುತ್ತಾರೆಯೇ? ವಾರ, ಬಣ್ಣ, ಗಳಿಗೆ ನೋಡಿ ಕಣಕ್ಕೆ ಇಳಿಸುವ ಹುಂಜ ಅದು. ಮನೆಯ ಗಂಡಾಳಿನ ಹಾಗೆ ಅದು ಮನೆಯಲ್ಲಿರುತ್ತದೆ. ನನ್ನ ತಲೆಗೆ ಅದು ಬರಲೇ ಇಲ್ಲ. ಮಗಳು ಬಾಯಿ ತೆರೆದಳು, ಮತ್ತೆ ಮುಚ್ಚಿದಳು. ಉಸಿರಿಗೆ ಇರಬೇಕು ಎಂದುಕೊಂಡೆ.

ರಕ್ತದ ವರದಿ ನೋಡಿ ಡಾಕ್ಟರು ಚೀಟಿಯ ಹಿಂಬದಿಯಲ್ಲಿ ಒಂದು ಕೊಳವೆಯ ಚಿತ್ರ ಬರೆದರು. "ಇದು ಇವಳ ಶ್ವಾಸನಾಳ. ಉಸಿರಿನ ಜೊತೆ ಯಾವುದೋ ಒಂದು ಪ್ರೋಟೀನಿನ ಚೂರು ಒಳಗೆ ಹೋಗ್ತದೆ. ಅದು ವಿಷ ಅಲ್ಲ. ನಿಮಗೂ ನನಗೂ ಅದರಿಂದ ಎಂತ ಆಗುವುದಿಲ್ಲ. ಆದರೆ ಇವಳ ಮೈಯ ಕಾವಲು ಕೋಶಗಳು ಅದನ್ನು ವೈರಿ ಅಂತ ಒಮ್ಮೆ ತಪ್ಪಾಗಿ ಗುರುತು ಹಾಕಿಬಿಟ್ಟಿವೆ. ಆ ವೈರಿಗೆ ಅಂತಲೇ ಇನ್ನೊಂದು ಪ್ರೋಟೀನ್ ತಯಾರು ಮಾಡಿ ಇಟ್ಟಿವೆ. ಆಂಟಿಬಾಡಿ ಅಂತಾರೆ."

ಆ ಆಂಟಿಬಾಡಿಗಳು ನಾಳದ ಗೋಡೆಯಲ್ಲಿರುವ ಮಾಸ್ಟ್ ಕೋಶಗಳ ಮೈತುಂಬ ಮುಳ್ಳಿನಂತೆ ಚುಚ್ಚಿಕೊಂಡು ಕಾಯುತ್ತವಂತೆ. ಗುರುತಿನ ಚೂರು ಬಂದು ತಾಗಿದ ಕೂಡಲೇ ಕೋಶ ಒಡೆಯುತ್ತದೆ. ಒಳಗಿನ ರಸ ಚೆಲ್ಲಿ, ನಾಳದ ಸುತ್ತಲಿನ ಸ್ನಾಯು ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡಿಕೊಳ್ಳುತ್ತದೆ. ಅಲ್ಲಿಗೆ ಮುಗಿಯುವುದಿಲ್ಲ. ಟಿ ಕೋಶಗಳು ಎಂಬವು ಸುದ್ದಿ ಮುಟ್ಟಿಸುವ ಬೇರೆ ಪ್ರೋಟೀನುಗಳನ್ನು ಬಿಡುತ್ತವೆ. ಆ ಕರೆಗೆ ಎಲುಬಿನ ಮಜ್ಜೆಯಿಂದ ಇಯೋಸಿನೊಫಿಲ್ ಎಂಬ ಕೋಶಗಳು ದಂಡು ಕಟ್ಟಿಕೊಂಡು ಬರುತ್ತವೆ.

"ಇವು ಇರುವುದು ಹೊಟ್ಟೆಯ ಹುಳುವಿನಂಥದ್ದನ್ನು ಕೊಲ್ಲಲಿಕ್ಕೆ," ಎಂದರು ಡಾಕ್ಟರು. "ಅದಕ್ಕೆ ಬೇಕಾದ ಕಟುವಾದ ಪ್ರೋಟೀನ್ ಇವುಗಳ ಒಳಗೆ ತುಂಬಿ ಉಂಟು. ಇಲ್ಲಿ ಹುಳು ಇಲ್ಲ. ಆದರೂ ತಂದದ್ದನ್ನು ಸುರಿದೇ ಬಿಡ್ತವೆ. ಸುಡುವುದು ಇವಳದ್ದೇ ನಾಳದ ಗೋಡೆ. ಗೋಡೆ ಊದಿಕೊಳ್ತದೆ, ಲೋಳೆ ತುಂಬ್ತದೆ, ದಾರಿ ಮುಚ್ತದೆ."

"ಹಾಗಾದರೆ ಹಾಳು ಮಾಡುವುದು ಹೊರಗಿನವ ಅಲ್ಲವಾ?"

"ಹೊರಗಿನವ ಸುಮ್ಮನೆ ಬಂದವ. ಹೊಡೆದಾಟ ಪೂರಾ ಒಳಗಿನವರದ್ದು."

ಹೆಂಡತಿ ನನ್ನ ಕಡೆ ತಿರುಗಿ, "ಅಪ್ಪನ ರಕ್ತವೇ ಬಂದದ್ದು ಬಿಡಿ" ಎಂದಳು. ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ. ನೆರೆಯವರ ಮೊಣಕೈ ಕಣ್ಣೆದುರು ಬಂತು, ನಾಚಿಕೆಯಾಯಿತು.

ಆ ಚೂರು ಯಾವುದು ಎಂದು ನೋಡಲು ಚರ್ಮದ ಪರೀಕ್ಷೆ ಮಾಡುವ ಎಂದರು. ದಿನಾ ಎಳೆಯಲು ಒಂದು ಪಂಪು, ಜೋರಾದಾಗ ಎಳೆಯಲು ನೀಲಿ ಬಣ್ಣದ ಇನ್ನೊಂದು ಪಂಪು, ಅದಕ್ಕೆ ಸಿಕ್ಕಿಸುವ ಪ್ಲಾಸ್ಟಿಕ್ ಡಬ್ಬಿ ಕೊಟ್ಟು ಕಳಿಸಿದರು. ಮುಂದಿನ ವಾರ ಮಗಳ ಎಳೆಯ ಕೈಯ ಮೇಲೆ ಪೆನ್ನಿನಿಂದ ನಂಬರು ಬರೆದು, ಒಂದೊಂದು ನಂಬರಿಗೆ ಒಂದೊಂದು ಹನಿ ಇಟ್ಟು, ಸೂಜಿಯ ಮೊನೆಯಲ್ಲಿ ಚುಚ್ಚಿದರು. ಅವಳು ಅಳಲಿಲ್ಲ. ಕಾಲು ಗಂಟೆ ಕೂತೆವು. ಧೂಳಿನ ನುಸಿಗೆ ಒಂದು ಸಣ್ಣ ದದ್ದು. ಹೊಗೆಗೆ ಇಂಥ ಪರೀಕ್ಷೆಯೇ ಇಲ್ಲವಂತೆ. ಮರದ ಹುಡಿಗೆ ಎಂತದ್ದೂ ಇಲ್ಲ. ನಾಯಿಗೆ ಎಂತದ್ದೂ ಇಲ್ಲ. ಒಂದು ನಂಬರಿನ ಸುತ್ತ ಮಾತ್ರ ಎಂಟಾಣೆಯಷ್ಟು ಅಗಲಕ್ಕೆ ಬೆಳ್ಳಗೆ ಊದಿ, ಸುತ್ತಲೂ ಕೆಂಪಡರಿತ್ತು.

"ಗರಿ," ಎಂದರು ಡಾಕ್ಟರು. "ಕೋಳಿ ಗರಿ. ಮನೆಯಲ್ಲಿ ಕೋಳಿ ಉಂಟಾ?"

ಬಾಗಿಲ ಹತ್ತಿರ ಬೇರೆ ಊರಿನ ನಾಲ್ಕು ಜನ ಕೂತಿದ್ದರು. "ಇಲ್ಲ," ಎಂದೆ. ಇದು ಸುಳ್ಳು. ಇದನ್ನು ಗೊತ್ತಿದ್ದೇ ಹೇಳಿದೆ.

ಡಾಕ್ಟರು ಹೆಂಡತಿಯನ್ನು ನೋಡಿದರು, ಅವಳು ನೆಲ ನೋಡಿದಳು. ಆಮೇಲೆ ಮಗಳ ಗಲ್ಲ ಹಿಡಿದು, "ನೀನು ಹೇಳು ಪುಟ್ಟಿ, ಮನೆಯಲ್ಲಿ ಕೋಳಿ ಉಂಟಾ?" ಎಂದರು. ಮಗಳು ನನ್ನ ಮುಖ ನೋಡಲಿಲ್ಲ. ನನ್ನ ಬಲಗೈ ನೋಡಿದಳು. "ಇಲ್ಲ," ಎಂದಳು.

ಹಿಂದೆ ಬರುವಾಗ ಪಿಕಪ್ಪಿನಲ್ಲಿ ಹೆಂಡತಿ ಒಂದೇ ಮಾತು ಆಡಿದಳು. "ಇನ್ನು ಯಾರ ಮನೆ ಒಡೆಯಲಿಕ್ಕುಂಟು?" ಅವರಿಬ್ಬರನ್ನು ಸಿದ್ಧಕಟ್ಟೆ ಪೇಟೆಯಲ್ಲಿರುವ ಅವಳ ತಂಗಿಯ ಮನೆಯಲ್ಲಿ ಇಳಿಸಿ, "ಸಂಜೆ ಬನ್ನಿ" ಎಂದು ಹೇಳಿ ಮನೆಗೆ ಬಂದೆ.

ಕೊಡುವ, ಯಾರಿಗಾದರೂ ಕೊಟ್ಟುಬಿಡುವ ಎಂದು ದಾರಿಯಲ್ಲಿ ಯೋಚಿಸಿದ್ದು ನಿಜ. ನನ್ನ ಹುಂಜಕ್ಕೆ ಬೆಳ್ತಂಗಡಿಯವರೆಗೂ ಕೈ ಚಾಚುವವರಿದ್ದರು. ಒಂದು ಫೋನು ಮಾಡಿದ್ದರೆ ಗಾಡಿ ತಂದು, ಗೂಡು ಸಮೇತ ಮುಟ್ಟದೆ ಮಾಡದೆ ಒಯ್ಯುತ್ತಿದ್ದರು. ಆದರೆ ಅಂಗಳಕ್ಕೆ ಕಾಲಿಟ್ಟಾಗ ಮಗಳ ಕೋಣೆಯಿಂದ ಆ ಕೆಂಪು ಹುಂಜ ಎದೆಯುಬ್ಬಿಸಿ ಕೂಗಿತು. ನನ್ನ ಮಗಳಿಗೆ ಇಲ್ಲದ ಉಸಿರು ಅದಕ್ಕೆ ಎಷ್ಟುಂಟು ನೋಡಿ! ಕಣ್ಣು ಕತ್ತಲೆ ಬಂತು. ಒಳಗೆ ನುಗ್ಗಿ ಬುಟ್ಟಿಯನ್ನು ಕಾಲಿನಿಂದ ಒದ್ದು ಹಾರಿಸಿದೆ. ಅದು ಕೋಣೆಯ ತುಂಬ ಹಾರಿತು, ಮಂಚದ ಮೇಲೆ, ಅವಳ ಪುಸ್ತಕದ ಮೇಲೆ, ಅವಳ ತಲೆದಿಂಬಿನ ಮೇಲೆ. ಹಿಡಿಯಹೋದಾಗ ನನ್ನ ಮುಂಗೈಯನ್ನು ಕಾಲಿನ ಮುಳ್ಳಿನಿಂದ ಸೀಳಿತು. ಕಾಲು ಹಿಡಿದು ಗೋಡೆಗೆ ಬಡಿದೆ. ಮತ್ತೆ ಬಡಿದೆ. ಸತ್ತ ಮೇಲೂ ಬಡಿದೆ.

ಉಳಿದ ಹತ್ತನ್ನು ಅಂಗಳದಲ್ಲಿ ಮುಗಿಸಿದೆ. ಕೆಲವಕ್ಕೆ ಕತ್ತು ತಿರುಚಿದೆ, ಕೆಲವಕ್ಕೆ ಮಚ್ಚು. ತಲೆ ಹೋದ ಒಂದು ಹುಂಜ ಬಾವಿಕಟ್ಟೆಯವರೆಗೆ ಓಡಿತು. ನಾನು ಮಾಡಿ ಇಟ್ಟಿದ್ದ ಬಾಳುಗಳನ್ನೆಲ್ಲ ಬಾವಿಗೆ ಎಸೆದೆ. ಗೂಡನ್ನು ಹಾರೆಯಿಂದ ಒಡೆದೆ, ಅದೇ ಹಾರೆ. ವರ್ಷಗಳ ಹಿಕ್ಕೆಯ ಹುಡಿ, ಗರಿಯ ಹೊಟ್ಟು ಎಲ್ಲ ಎದ್ದಿತು. ಆಮೇಲೆ ಕ್ಲೀನು ಮಾಡಬೇಕಲ್ಲ ಎಂದು ಹಿಡಿಸೂಡಿ ತೆಗೆದುಕೊಂಡು ಅವಳ ಕೋಣೆಯನ್ನು ಮೂಲೆ ಮೂಲೆ ಬಿಡದೆ ಗುಡಿಸಿದೆ. ಬಿಸಿಲಿನ ಕೋಲಿನಲ್ಲಿ ಬಿಳಿ ಹೊಟ್ಟು ಹಾರಾಡುವುದು ನನಗೆ ಕಾಣುತ್ತಿತ್ತು. ಕಂಡರೂ, ಕೆಲಸ ಮುಗಿಯಿತು ಎಂದು ಖುಷಿಪಟ್ಟೆ. ನನ್ನಂಥ ದಡ್ಡ ಇನ್ನೊಬ್ಬ ಇರಲಿಕ್ಕಿಲ್ಲ.

ನಾಲ್ಕು ಗಂಟೆಗೆ ತಾಯಿ ಮಗಳು ನಡೆದು ಬಂದರು. ನಾನು ಅಂಗಳದ ನಡುವೆ ಎರಡೂ ಕೈ ಅಗಲಿಸಿ ನಿಂತು, "ನೋಡು ಮಗಳೇ, ಎಲ್ಲ ಮುಗಿಸಿದೆ. ಇನ್ನು ನಿನಗೆ ಎಂತದ್ದೂ ಇಲ್ಲ" ಎಂದೆ. ಅವಳು ರಾಶಿ ಬಿದ್ದ ಹುಂಜಗಳನ್ನು ನೋಡಿದಳು. ಗಾಳಿಯಲ್ಲಿ ಗರಿ ಹಾರುತ್ತಿತ್ತು. ಎರಡು ಉಸಿರು, ಮೂರು ಉಸಿರು. ಅಷ್ಟೆ. ಹಿಂದೆಂದೂ ಬಾರದ ಹಾಗೆ ಬಂತು. ಸಿಳ್ಳೆಯೂ ಕೇಳಿಸಲಿಲ್ಲ, ಗಾಳಿಯೇ ಒಳಗೆ ಹೋಗುತ್ತಿರಲಿಲ್ಲ. ತುಟಿ ನೇರಳೆ ಬಣ್ಣಕ್ಕೆ ತಿರುಗಿತು. ನಾನು ಓಡಿ ಹೋಗಿ ಎತ್ತಿ ಎದೆಗೆ ಒತ್ತಿಕೊಂಡೆ. "ಉಸಿರು ತೆಗಿ! ತೆಗಿ ಉಸಿರು!" ಎಂದು ಬೊಬ್ಬೆ ಹಾಕಿದೆ. ಅವಳು ನನ್ನ ಎದೆಯನ್ನು ಎರಡೂ ಕೈಯಿಂದ ದೂಡಿದಳು.

ಬೊಬ್ಬೆಗೆ ನೆರೆಯವರು ಬೇಲಿ ಹಾರಿ ಬಂದರು. ನನ್ನ ಕೈಯಿಂದ ಮಗುವನ್ನು ಕಿತ್ತುಕೊಂಡು ಹೆಂಡತಿಯ ಕೈಗೆ ಕೊಟ್ಟರು. "ಬೀಗದಕೈ ಕೊಡು. ಗಾಡಿ ನಾನು ಬಿಡ್ತೇನೆ."

ನಾನು ಮುಂದೆ ಹತ್ತಲು ಹೋದೆ. ಹೆಂಡತಿ ನೀಲಿ ಪಂಪನ್ನು ಡಬ್ಬಿಗೆ ಸಿಕ್ಕಿಸುತ್ತಾ ಕಿರುಚಿದಳು: "ನೀವು ಹತ್ತಿರ ಬರಬೇಡಿ! ಮೈ ನೋಡಿಕೊಳ್ಳಿ!"

ನೋಡಿಕೊಂಡೆ. ರಕ್ತಕ್ಕೆ ಅಂಟಿಕೊಂಡು ಕೈ, ಎದೆ, ಗಡ್ಡದ ತುಂಬ ಗರಿ. ಪಿಕಪ್ಪಿನ ಹಿಂಬದಿ, ಗೇಟು ಗ್ರಿಲ್ಲು ಸಾಗಿಸುವ ಕಡೆ, ಹತ್ತಿ ಕೂತೆ. ಮೂಡುಬಿದಿರೆಯವರೆಗೂ ಹಿಂದಿನ ಗಾಜಿನಿಂದ ಮಗಳ ತಲೆ ಕಾಣುತ್ತಿತ್ತು. ಪ್ರತಿ ಉಸಿರಿಗೂ ಮುಂದಕ್ಕೆ ಬಾಗುತ್ತಿತ್ತು. ಬಾಗುವುದು ನಿಂತರೆ ಎಂಬ ಹೆದರಿಕೆಯಲ್ಲಿ ನಾನು ರೆಪ್ಪೆ ಮುಚ್ಚಲಿಲ್ಲ. ಆವತ್ತು ಯಾರಿಗೂ ಹೊಡೆಯಬೇಕು ಎನಿಸಲಿಲ್ಲ. ಹೊಡೆಯಬೇಕಾದವನು ನಾನೇ ಆಗಿದ್ದೆ.

ಅಲ್ಲಿ ನರ್ಸು ನನ್ನನ್ನು ಬಾಗಿಲಲ್ಲೇ ತಡೆದರು. ಒಳಗೆ ಮಗಳ ಮುಖಕ್ಕೆ ಮಾಸ್ಕು, ಕೈಗೆ ಸೂಜಿ, ಯಂತ್ರದ ಗುರುಗುರು. ಅವಳನ್ನು ಉಳಿಸಲು ನನ್ನಿಂದಾಗುವ ಕೆಲಸ ಒಂದೇ, ದೂರ ನಿಲ್ಲುವುದು. ನಿಂತೆ. ಎಷ್ಟೋ ಹೊತ್ತಿನ ಮೇಲೆ ಭುಜ ಸ್ವಲ್ಪ ಇಳಿಯಿತು, ತುಟಿಗೆ ಬಣ್ಣ ಬಂತು. ನಾನು ಅತ್ತುಬಿಟ್ಟೆ.

ಡಾಕ್ಟರು ಮಗಳ ಪಕ್ಕ ಕೂತು ಮೆಲ್ಲ ಕೇಳಿದರು: "ಮನೆಯಲ್ಲಿ ಇವತ್ತು ಎಂತ ಆಯ್ತು ಪುಟ್ಟಿ?"

ಮಗಳು ಮಾಸ್ಕಿನ ಒಳಗೇ ತಲೆಯಾಡಿಸಿದಳು. ಎಂತದ್ದೂ ಇಲ್ಲ.

"ಕೋಳಿ!" ಎಂದೆ ನಾನು ಬಾಗಿಲಿನಿಂದ. ವರಾಂಡದಲ್ಲಿದ್ದವರೆಲ್ಲ ತಿರುಗಿ ನೋಡಿದರು. "ಕೋಳಿ ಉಂಟು ಡಾಕ್ಟ್ರೇ. ಹನ್ನೊಂದು ಇತ್ತು. ಅಂಕಕ್ಕೆ ಸಾಕಿದ್ದು. ಒಂದನ್ನು ಅವಳ ಕೋಣೆಯಲ್ಲೇ ಇಟ್ಟಿದ್ದೆ. ಇವತ್ತು ಎಲ್ಲ ಕೊಂದು ಹಾಕಿದೆ. ಅವಳು ಸುಳ್ಳು ಹೇಳಿದ್ದಲ್ಲ, ನಾನು ಹೇಳಿಸಿದ್ದು."

ಮಗಳು ನನ್ನ ಕಡೆ ನೋಡಿದಳು. ಸೂಜಿ ಇಲ್ಲದ ಕೈಯಿಂದ ಮಾಸ್ಕನ್ನು ಸ್ವಲ್ಪ ಎತ್ತಿದಳು.

"ಪಪ್ಪ, ಈಗ ಹೇಳಬಹುದಾ?"

ಹೂಂ ಎಂದು ತಲೆಯಾಡಿಸಿದೆ. ಅವಳು ಡಾಕ್ಟರ ಕಡೆ ತಿರುಗಿದಳು. ನಿಲ್ಲಿಸಿ ನಿಲ್ಲಿಸಿ, ಒಂದು ಉಸಿರಿಗೆ ಎರಡೆರಡೇ ಶಬ್ದ ಹೇಳಿದಳು. ಉಬ್ಬಸ ಶುರುವಾದದ್ದು ಕೆಂಪು ಹುಂಜ ಕೋಣೆಗೆ ಬಂದ ಮೇಲೆಯೇ ಎಂದು ಅವಳಿಗೆ ಗೊತ್ತಿತ್ತಂತೆ. ಪೇಟೆಯ ಚಿಕ್ಕಮ್ಮನ ಮನೆಯಲ್ಲಿ ಮಲಗಿದರೆ ಉಬ್ಬಸ ಬರುವುದಿಲ್ಲವಂತೆ.

"ಮತ್ತೆ," ಎಂದಳು, "ಪಪ್ಪ ಬೈರಾಸಿನಲ್ಲಿ ಮುಖ ಒರೆಸುವಾಗ ನಾನು ಉಸಿರು ಹಿಡ್ಕೊಳ್ತೇನೆ."

ಬೈರಾಸು ಆಗಲೂ ನನ್ನ ಹೆಗಲ ಮೇಲೆಯೇ ಇತ್ತು.